ಕೈ ಕೂತದ ಅನ್ನೋ ಮಾತು ಸಾಕ್ ಮಾಡ್ರಿ

ಹತ್ತಿ ಮೂರನೇ ಸಲ ಬಿಡಿಸೋದು ನಡದದ, ತೊಗರಿ ರಾಶಿನೂ ಮುಗೀಲಿಕ್ಕೆ ಬಂತು. ಅದರ ಬಗ್ಗೆನೇ ಬರಿಬೇಕಂತ ಕೂತಿದ್ದೆ. ಆದ್ರ ಮೊನ್ನೆ ಶಹಾಪುರದಾಗ ಚಹಾದ ಅಂಗಡಿ ಮುಂದ ಒಬ್ಬ ಹಿರಿಯರು ನಮ್ಮ ಜೀಪು ನೋಡಿ ಆಡಿದ ಮಾತು ತಲ್ಯಾಗ ಕೂತುಬಿಟ್ಟದ. "ತಮ್ಮಾ, ಹಳೇ ಗಾಡಿ ಅಂದ್ರ ಬ್ರೇಕ್ ಹಿಡದಾಗ ಒಂದ್ ಕಡಿ ಎಳೆಯೋದೇ. ಕೈ ಕೂತ್ರ ಏನೂ ಅನಸಂಗಿಲ್ಲ" ಅಂದ್ರು. ಸುತ್ತ ನಿಂತವರೆಲ್ಲ ಹೌದೌದು ಅಂದ್ರು. ಹೋದ ವರ್ಷದ ತನಕ ನಾನೂ ಇದೇ ಮಾತು ಆಡಿದವ. ಅದಕ್ಕ ಈ ಬರಹ ಸ್ವಲ್ಪ ಖಾರ ಆಗ್ತದ, ಸಿಟ್ಟಾಗಬ್ಯಾಡ್ರಿ.

ನಮ್ಮದು 1972ರ ಮಹೀಂದ್ರಾ ಜೀಪು, ನಮ್ಮ ಅಪ್ಪ ಎರಡನೇ ಕೈಯಿಂದ ತಗೊಂಡಿದ್ದು. ವಿಲ್ಲಿಸ್ ಕಂಪನಿಯ ಜೀಪನ್ನ ಮುಂಬೈಯಲ್ಲಿ ಜೋಡಿಸಲಿಕ್ಕೆ ಶುರು ಮಾಡಿದ್ರಲ್ಲ, ಅದೇ ವಂಶ. ಗಟ್ಟಿ ಗಾಡಿ, ಸರಳ ಗಾಡಿ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ಬೇರೆ ನೋಂದಣಿ ತಂದದ, ಹೊಸದಾಗಿ ಮಾಡಿಸಲಿಕ್ಕೆ 20,000 ರೂಪಾಯಿ. ಆದ್ರ ಹಂಗ ಮಾಡಿಸಿದ ಗಾಡಿ ದಿನಾ ರಸ್ತೆ ಮ್ಯಾಲ ಓಡಿಸಂಗಿಲ್ಲ, ದುಡಿಮೆಗೆ ಹಚ್ಚಂಗಿಲ್ಲ. ದೊಡ್ಡವರ ಮನಿ ಮುಂದ ನಿಂತ್ರ ವಿಂಟೇಜ್, ನಮ್ಮ ಹೊಲದಾಗ ನಿಂತ್ರ ಗುಜರಿ! ಇರಲಿ, ನಮ್ಮದಕ್ಕ ಎಂಜಿನ್ನೇ ಬದಲಿಸೇವಿ, ಆ ಲೆಕ್ಕಕ್ಕ ಬರಂಗೇ ಇಲ್ಲ.

ಹೋದ ವರ್ಷ ಜನವರಿ. ಹಿಂದ ಹತ್ತಿ ಬಿಡಿಸೋ ಹೆಣ್ಮಕ್ಕಳು ಏಳು ಮಂದಿ. ಮಂದಿ ತುಂಬೋದು ತಪ್ಪು ಅಂತ ನನಗೂ ಗೊತ್ತದ, ಅದನ್ನ ಮುಚ್ಚಿಡಂಗಿಲ್ಲ. ಕಾಲುವಿ ದಂಡಿ ರಸ್ತೆ, ಎಡಕ್ಕ ತುಂಬಿ ಹರಿಯೋ ನೀರು. ಎಮ್ಮಿ ಕರ ಒಂದು ಅಡ್ಡ ಬಂತು. ಗಟ್ಟಿಯಾಗಿ ಬ್ರೇಕ್ ಒತ್ತಿದೆ. ಸ್ಟೇರಿಂಗ್ ಕೈಯಿಂದ ಕಸಗೊಂಡಂಗ ಎಡಕ್ಕ ತಿರುಗಿತು. ಗಾಡಿ ನಿಂತಾಗ ಮುಂದಿನ ಎಡ ಗಾಲಿ ದಂಡಿ ತುದಿಗೆ ಇತ್ತು, ಅದರ ಕೆಳಗಿನ ಮಣ್ಣು ಕಳಚಿ ನೀರಾಗ ಬೀಳೋ ಸಪ್ಪಳ ಕೇಳಸ್ತಿತ್ತು. ಯಾರೂ ಕಿರಚಲಿಲ್ಲ. ಒಬ್ಬಾಕಿ ವಯಸ್ಸಾದ ಅವ್ವ ಮೆಲ್ಲಕ ಇಳದು, "ಯಪ್ಪಾ, ನಾಳಿಂದ ನಾವು ನಡಕೋತ ಬರ್ತೀವಿ" ಅಂದಳು. ಎಂಟು ದಿನ ಮೂರು ಕಿಲೋಮೀಟರ್ ನಡದೇ ಬಂದ್ರು. ಅವರ ಮುಂದ ನನ್ನ ಕೈ ಕೂತದ ಅಂತ ಹೆಂಗ ಹೇಳ್ಲಿ?

ಸಿಟ್ಟಿನ ವಿಷಯ ಇದಲ್ಲ, ಇದಕ್ಕಿಂತ ಹಿಂದಿಂದು. ಆ ಎಳೆತಕ್ಕ ನಾನು ಆಗಲೇ ದುಡ್ಡು ಸುರಿದಿದ್ದೆ. ಒಂದು ಗ್ಯಾರೇಜಿಗೆ ಒಯ್ದು "ಸ್ಟೇರಿಂಗ್ ಎಡಕ್ಕ ಎಳಿತದ" ಅಂದೆ. ಅವ ಸ್ಟೇರಿಂಗ್ ಬಾಕ್ಸ್ ಟೈಟ್ ಮಾಡಿದ, ಟೈ ರಾಡಿನ ಎರಡು ಎಂಡ್ ಬದಲಿಸಿದ, ನಾಲ್ಕು ಸಾವಿರದ ಮ್ಯಾಲ ತಗೊಂಡ. ಎಳೆತ ಹಂಗೇ ಉಳೀತು. ಮತ್ತ ಕೇಳಿದ್ರ ಹಳೇ ಗಾಡಿ ಹಿಂಗೇ ಅಂದ. ತಪ್ಪು ಅವನೊಬ್ಬನದಲ್ಲ, ಅರ್ಧ ನನ್ನದು. ನಾನು ಹೇಳಿದ್ದೇ ತಪ್ಪು. ಬ್ರೇಕ್ ಒತ್ತಿದಾಗ ಮಾತ್ರ ಎಳಿತದ ಅನ್ನಬೇಕಿತ್ತು. ಡಾಕ್ಟರ್ ಹತ್ರ ಹೋಗಿ ಬರೇ "ಮೈ ನೋಯ್ತದ" ಅಂದಂಗ ಆತು.

ನೋವು ತಿಳಿಯೋದು ಕೈಗೆ, ರೋಗ ಇರೋದು ಗಾಲಿಯಾಗ. ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕ ಹೋಗ್ತದ ಅಂದ್ರ ಎಡಗಾಲಿ ಹಿಡಿತದ, ಬಲಗಾಲಿ ಹಿಡಿವಲ್ದು ಅಂತ ಅರ್ಥ. ಎಳಿಯೋ ಕಡಿ ಅಲ್ಲ, ಅದರ ಎದುರು ಕಡಿ ಮೊದಲು ನೋಡಬೇಕು. ಕಾಲುವಿ ಘಟನೆ ಮರುದಿನ ಖಾಲಿ ಗಾಡಿ ಖಾಲಿ ರಸ್ತ್ಯಾಗ ನಿಧಾನ ಓಡಿಸಿ, ನಾಲ್ಕೈದು ಸಲ ಬ್ರೇಕ್ ಹಿಡದು ನಿಲ್ಲಿಸಿದೆ. ಇಳದು ಡ್ರಮ್ಮಿನ ಮ್ಯಾಲ ನೀರು ಚಿಮುಕಿಸಿದೆ. (ಸೀದಾ ಕೈ ಇಡಬ್ಯಾಡ್ರಿ, ಚರ್ಮ ಸುಲೀತದ.) ಎಡದ್ದು ಚುಂಯ್ ಅಂತು, ಬಲದ್ದು ತಣ್ಣಗಿತ್ತು. ಒಂದು ಚೊಂಬು ನೀರಿನ ಖರ್ಚು, ಅಷ್ಟೇ. ಬಲ ಡ್ರಮ್ ಬಿಚ್ಚಿದ್ರ ಒಳಗ ಗದ್ದಿ ಕೆಸರು ಒಣಗಿ ಹೆಪ್ಪುಗಟ್ಟಿತ್ತು, ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡದು ಜಾಮ್ ಆಗಿತ್ತು. ಭತ್ತದ ಗದ್ದ್ಯಾಗ ಇಳಿಸ್ತೀವಿ, ಕಾಲುವಿ ನೀರಾಗ ನಿಲ್ಲಿಸಿ ತೊಳಿತೀವಿ, ವರ್ಷಗಟ್ಟಲೆ ಡ್ರಮ್ ಬಿಚ್ಚಂಗಿಲ್ಲ, ಇನ್ನೇನಾಗ್ತದ? ಎರಡೂ ಕಡಿ ಸಿಲಿಂಡರ್ ಬದಲಿಸಿದೆ. ಒಂದೇ ಕಡಿ ಹೊಸದು ಹಾಕಿದ್ರ ಮತ್ತ ಒಂದ್ ಕಡಿ ಎಳೆಯೋದು ಶುರು.

ಬ್ರೇಕ್ ಮುಟ್ಟದೇನೂ ಎಳಿತಿದ್ರ ಅದು ಬೇರೆ ಮಾತು. ಮೊದಲು ಟೈರಿನ ಗಾಳಿ ನೋಡ್ರಿ, ಆಮ್ಯಾಲ ಎಳಿಯೋ ಕಡಿಯ ಡ್ರಮ್ ಓಡಿದ ಮ್ಯಾಲ ಸುಡ್ತದೇನು ನೋಡ್ರಿ. ಸುಟ್ರ ಶೂ ಬಿಡವಲ್ದು. ಗಾಲಿಗೆ ಹೋಗೋ ರಬ್ಬರ್ ಪೈಪ್ ಒಳಗೇ ಉಬ್ಬಿದ್ರೂ ಹಿಂಗಾಗ್ತದ, ಆಯಿಲ್ ಹೋಗ್ತದ, ವಾಪಸ್ ಬರಂಗಿಲ್ಲ. ಕಮಾನ್ ಪಟ್ಟಿಯ ನಡುವಿನ ಬೋಲ್ಟ್ ಮುರದು ಆಕ್ಸಲ್ ಸರದಿದ್ರೂ ಗಾಡಿ ಓರೆ ಓಡ್ತದ. ನಮ್ಮ ಕಡಿ ಕಲ್ಲುರಸ್ತ್ಯಾಗ ಇದು ಅಪರೂಪ ಏನಲ್ಲ.

ಸ್ಟೇರಿಂಗ್ ಬಾಕ್ಸ್ ಟೈಟ್ ಮಾಡೋ ಚಟಕ್ಕಂತೂ ನನ್ನ ವಿರೋಧ ಅದ. ಸ್ಟೇರಿಂಗ್ ಲೂಸ್ ಅನ್ನೂದಕ್ಕ ಎಲ್ಲರೂ ಅದರ ಸ್ಕ್ರೂಗೇ ಕೈ ಹಾಕ್ತಾರ, ಯಾಕಂದ್ರ ಅದು ಮ್ಯಾಲೇ ಸಿಗ್ತದ, ಕೆಳಗ ಮಲಗೋದು ಬ್ಯಾಡ. ಬಾಕ್ಸಿನೊಳಗಿನ ಕ್ಯಾಮ್ ನಡುವಲ್ಲೇ ಹೆಚ್ಚು ಸವೀತದ, ಯಾಕಂದ್ರ ನಾವು ಹೆಚ್ಚು ಓಡಿಸೋದೇ ನೆಟ್ಟಗ. ಆ ಸವೆದ ಜಾಗಕ್ಕ ಸರಿಹೋಗಂಗ ಬಿಗದ್ರ ತಿರುವಿನಾಗ ಸ್ಟೇರಿಂಗ್ ಹಿಡಕೊಂತದ, ತಿರುಗಿಸಿದ ಮ್ಯಾಲ ತಾನಾಗೇ ವಾಪಸ್ ಬರಂಗಿಲ್ಲ. ಲೂಸ್ ಇದ್ದದ್ದಕ್ಕಿಂತ ಇದು ಕೆಟ್ಟದ್ದು.

ಲೂಸ್ ಎಲ್ಲಿ ಅದ ಅಂತ ಹುಡುಕೋದು ಕಷ್ಟ ಇಲ್ಲ. ಎಂಜಿನ್ ಬಂದ್, ಹ್ಯಾಂಡ್ ಬ್ರೇಕ್, ಹಿಂದಿನ ಗಾಲಿಗೆ ಕಲ್ಲು. ಮನ್ಯಾಗಿನ ಹುಡುಗನ್ನ ಕೂಡಿಸಿ ಸ್ಟೇರಿಂಗ್ ನಾಲ್ಕು ಬೆರಳಷ್ಟು ಆ ಕಡಿ ಈ ಕಡಿ ಆಡಿಸಂತ ಹೇಳ್ರಿ. ನೀವು ಕೆಳಗ ಮಲಗಿ ಬಾಕ್ಸಿಂದ ಗಾಲಿ ತನಕ ಒಂದೊಂದೇ ಜೋಡಣೆಗೆ ಬೆರಳಿಟ್ಟು ನೋಡ್ರಿ. ಒಂದು ತುದಿ ಆಡಿ ಮುಂದಿಂದು ಆಡದೆ ನಿಂತ್ರ ಲೂಸ್ ಅಲ್ಲೇ. ಹಳೇ ಜೀಪಿನಾಗ ನಡುವ ಬೆಲ್ ಕ್ರ್ಯಾಂಕ್ ಅಂತ ಒಂದದ, ಬಹಳ ಸಲ ಕಳ್ಳ ಅದೇ. ಗ್ರೀಸ್ ಕಾಣದೆ ವರ್ಷಗಳಾಗಿರ್ತಾವ. ಆಮ್ಯಾಲ ಜಾಕ್ ಹಚ್ಚಿ, ಕೆಳಗ ಮರದ ದಿಮ್ಮಿ ಇಟ್ಟು (ಬರೀ ಜಾಕಿನ ನಂಬಿಗಿ ಮ್ಯಾಲ ಕೈ ಹಾಕಬ್ಯಾಡ್ರಿ) ಗಾಲಿ ಮ್ಯಾಲ ಕೆಳಗ ಹಿಡದು ಅಲ್ಲಾಡಿಸ್ರಿ. ಆಡಿದ್ರ ಹುಡುಗಗ ಬ್ರೇಕ್ ಒತ್ತಂತ ಹೇಳ್ರಿ. ಆಟ ನಿಂತ್ರ ಗಾಲಿ ಬೇರಿಂಗ್, ನಿಲ್ಲದಿದ್ರ ಕಿಂಗ್ ಪಿನ್. ತಗ್ಗಿಗೆ ಬಿದ್ದಾಗ ಸ್ಟೇರಿಂಗ್ ಗಡಗಡ ನಡಗೋ ಗಾಡಿಗೆ ಡ್ಯಾಂಪರ್ ಹಾಕಿಸಿ ಸುಮ್ಮನಾಗ್ತಾರ, ಅದು ಜ್ವರಕ್ಕ ಕಂಬಳಿ ಹೊಚ್ಚಿದಂಗ. ಈ ಸವೆತ ಒಳಗೇ ಬೆಳೀತಿರ್ತದ.

ಇನ್ನೊಂದು ಶೂರತನ ಅಂದ್ರ ಎರಡು ಸಲ ಪಂಪ್ ಮಾಡಿ ಬ್ರೇಕ್ ಹಿಡಿಯೋದು. "ನಮ್ಮ ಗಾಡಿ ಎರಡನೇ ಒತ್ತಿಗೆ ನಿಲ್ತದ" ಅಂತ ಮೀಸಿ ತಿರುವ್ತಾರ. ಎರಡನೇ ಒತ್ತಿಗೆ ಟೈಮ್ ಆ ಎಮ್ಮಿ ಕರ ಕೊಡ್ತದೇನ್ರಿ? ಪಂಪ್ ಮಾಡಿದ್ರ ಪೆಡಲ್ ಮ್ಯಾಲ ಬಂದು ಗಟ್ಟಿ ಆದ್ರ ಶೂ ಮತ್ತು ಡ್ರಮ್ ನಡುವ ಅಂತರ ಹೆಚ್ಚಾಗ್ಯಾದ, ಅಡ್ಜಸ್ಟ್ ಮಾಡಬೇಕು. ಸ್ಪಂಜಿನಂಗ ಮೆತ್ತಗಿದ್ರ ಗಾಳಿ ಸೇರ್ಯದ, ಗಾಳಿ ತಗೀಬೇಕು. ಒತ್ತಿ ಹಿಡದ್ರ ಮೆಲ್ಲಕ ಕೆಳಗ ಇಳಿತಿದ್ರ ಎಲ್ಲೋ ಸೋರ್ತದ, ಹೊರಗ ಎಲ್ಲೂ ಹಸಿ ಕಾಣದಿದ್ರ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗ್ಯಾದ. ನಮ್ಮ ಜೀಪಿನಂಥ ಹಳೇ ಗಾಡ್ಯಾಗ ಬ್ರೇಕ್ ಲೈನ್ ಒಂದೇ, ಒಂದು ಗಾಲ್ಯಾಗ ಸೋರಿದ್ರ ನಾಲ್ಕೂ ಗಾಲಿ ಬ್ರೇಕ್ ಹೋದಂಗ. ಸುರಪುರದ ಗುಡ್ಡದ ಮ್ಯಾಲಿನ ಟೇಲರ್ ಮಂಜಿಲ್ ಕಡಿಂದ ಇಳಿಯೋವಾಗ ಇದು ನೆನಪಿಡ್ರಿ.

ಬ್ರೇಕ್ ಆಯಿಲ್ ಕಡಿಮಿ ಆದ್ರ ಎಂಜಿನ್ ಆಯಿಲ್ ಹಾಕಿದವರನ್ನೂ ನೋಡೀನಿ. ಅದರಾಗಿನ ಎಣ್ಣಿಗೆ ರಬ್ಬರ್ ಎಲ್ಲಾ ಉಬ್ಬಿ ಹಾಳಾಗ್ತದ. ಡೀಸೆಲ್‌ನಾಗ ತೊಳಿಯೋದೂ ಅಷ್ಟೇ ಕೆಟ್ಟದ್ದು. ಸರಿಯಾದ ಆಯಿಲೂ ಗಾಳಿಯೊಳಗಿನ ನೀರು ಎಳಕೊಂತದ. ಹೊಸ ಡಾಟ್-3 ಆಯಿಲ್ ಕುದಿಯೋದು 205 ಡಿಗ್ರಿಗೆ, ನೀರು ಹೀರಿದ ಮ್ಯಾಲ 140ಕ್ಕ ಇಳೀಬಹುದು. ಕುದ್ದು ಆವಿ ಆದ್ರ ಪೆಡಲ್ ನೆಲಕ್ಕ ಹೋಗ್ತದ. ಎರಡು ವರ್ಷಕ್ಕೊಮ್ಮಿ ಬದಲಿಸ್ರಿ, ಒಂದು ಡಬ್ಬಿ ಯೂರಿಯಾ ಚೀಲಕ್ಕಿಂತ ದುಬಾರಿ ಏನಲ್ಲ.

ಟ್ರ್ಯಾಕ್ಟರ್ ಇದ್ದವರು ನಗಬ್ಯಾಡ್ರಿ, ಇದು ನಿಮಗೂ ಅನ್ವಯ ಆಗ್ತದ. ಹೊಲದಾಗ ತಿರುಗಿಸಲಿಕ್ಕೆ ಎರಡು ಬ್ರೇಕ್ ಪೆಡಲ್ ಬಿಡಿಸಿಡ್ತೀರಿ. ರಸ್ತೆಗೆ ಬಂದಾಗ ಆ ಕೊಂಡಿ ಹಾಕೋರು ಎಷ್ಟು ಮಂದಿ? ವೇಗದಾಗ ಒಂದೇ ಪೆಡಲ್ ಒತ್ತಿದ್ರ ಟ್ರ್ಯಾಕ್ಟರ್ ಗಿರ್ರನೆ ತಿರುಗ್ತದ, ಹಿಂದಿನ ಟ್ರಾಲಿಗೆ ಬ್ರೇಕೇ ಇರಂಗಿಲ್ಲ, ಅದು ಹಿಂದಿಂದ ನೂಕ್ತದ. ಕೊಂಡಿ ಹಾಕಿದ್ರೂ ಎರಡೂ ಕಡಿ ಅಡ್ಜಸ್ಟ್ ಸಮ ಇರಲಿಕ್ಕೇಬೇಕು.

ಗುಜರಿಗೆ ಹಾಕು ಅನ್ನೋರಿಗೆ ಒಂದೇ ಮಾತು. ಸ್ವಂತ ಗಾಡಿಗೆ 15 ವರ್ಷದ ಮ್ಯಾಲ ಐದೈದು ವರ್ಷಕ್ಕೊಮ್ಮಿ ಫಿಟ್‌ನೆಸ್ ಮಾಡಿಸಿ ನೋಂದಣಿ ಮುಂದುವರಿಸಬಹುದು, ಕಾಯ್ದೆನೇ ಅವಕಾಶ ಕೊಟ್ಟದ. ಆದ್ರ ಆ ಕಾಗದ ಒಂದು ದಿನದ್ದು, ಗದ್ದಿ ಕೆಸರು ದಿನಾ ಒಳಗ ಹೋಗ್ತದ. ಡ್ರಮ್ ಬಿಚ್ಚದ ಮನಿಯಾಗ ಹೊಸ ಗಾಡಿ ತಂದ್ರೂ ನಾಲ್ಕು ವರ್ಷಕ್ಕ ಅದೇ ಕಥಿ.

ಅಮಾಸಿಗೆ ಗಾಡಿಗೆ ಕುಂಕುಮ ಹಚ್ತೀವಿ, ಗಾಲಿ ಕೆಳಗ ಲಿಂಬಿಹಣ್ಣು ಇಡ್ತೀವಿ. ಆ ಗಾಲಿ ಹಿಂದಿನ ಡ್ರಮ್ಮಿನಾಗ ಏನದ ಅಂತ ಯಾರೂ ನೋಡಂಗಿಲ್ಲ. ಬರೋ ಅಮಾಸಿಗೆ ನಮ್ಮ ಹೊಲದ ಬೇವಿನ ಗಿಡದ ಕೆಳಗ ಜಾಕ್, ದಿಮ್ಮಿ, ಪಾನಾ ಎಲ್ಲಾ ಇಟ್ಟಿರ್ತೀನಿ. ಜೀಪು, ಟ್ರ್ಯಾಕ್ಟರ್ ಏನಿದ್ರೂ ತಗೊಂಡು ಬರ್ರಿ, ಇಬ್ಬರು ಮೂವರು ಸೇರಿ ಬಿಚ್ಚಿ ನೋಡೋಣ. ಚಹಾ ನನ್ನ ಕಡಿಂದ. ಆ ಅವ್ವ ಈ ವರ್ಷ ಮತ್ತ ಜೀಪಿನ್ಯಾಗ ಹತ್ತಲಿಕ್ಕೆ ಶುರು ಮಾಡ್ಯಾಳ, ಆದ್ರ ಇನ್ನೂ ಹಿಂದಿನ ಬಾಗಲ ಕಡೇನೇ ಕೂಡ್ತಾಳ, ಜಿಗಿಲಿಕ್ಕೆ ಬರೋ ಹಂಗ.