ತೋಟಕ್ಕೆ ಐದು ಸಾವಿರ, ಬೇಲಿಗೆ ಯಾರು?

ಬೇಸಿಗೆಯಲ್ಲಿ ಉಜ್ಜಿನಿ ಜಾತ್ರೆ ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ಕೊಡಗಟ್ಟಲೆ ಎಣ್ಣೆ ಎರೆಯುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಜನ ಬಸ್ಸಿನಲ್ಲಿ ಜೋತುಬಿದ್ದು ಬಂದು ನೋಡುತ್ತಾರೆ.

ಆ ಜಾತ್ರೆಯಲ್ಲಿ ಪೀಪಿ ಊದುತ್ತಾ ನಿಂತ ಆರನೇ ಕ್ಲಾಸಿನ ಹುಡುಗನನ್ನು ಕೇಳಿ: ಶೇಂಗಾ ಎಲ್ಲಿ ಬಿಡುತ್ತೋ? ರೈತನ ಮಗ, "ಮಣ್ಣಾಗ" ಅಂತ ಥಟ್ಟನೆ ಹೇಳ್ತಾನೆ. ಹೂವು ಮೇಲೆ ಬಿಟ್ಟರೆ ಕಾಯಿ ಕೆಳಗೆ ಹೆಂಗೆ ಹೋಯ್ತು ಅಂದರೆ ಸುಮ್ಮನಾಗುತ್ತಾನೆ. ಹೂವಿನ ಬುಡದಿಂದ ಸೂಜಿಯಂಥ ತೊಟ್ಟು ಇಳಿದು, ಮಣ್ಣು ಹೊಕ್ಕು, ಅಲ್ಲಿ ಕಾಯಿ ಕಟ್ಟುತ್ತದೆ. ಬೆಳೆಯುವ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಸುತ್ತಲಿನ ಮಣ್ಣಿನಿಂದಲೇ ಹೀರುತ್ತದೆ. ಹೂವಾಡುವ ಹೊತ್ತಿಗೆ ಜಿಪ್ಸಂ ಹಾಕಿ ಅನ್ನುವುದು ಅದಕ್ಕೇ. ಅಪ್ಪ ಹಾಕುತ್ತಾನೆ, ಕಾರಣ ಗೊತ್ತಿಲ್ಲ. ಮಗ ವಿಜ್ಞಾನ ಓದುತ್ತಾನೆ, ಹೊಲ ನೋಡಿಲ್ಲ. ಇವರಿಬ್ಬರ ನಡುವಿನ ಕಂದಕ ಮುಚ್ಚುವ ಜಾಗ ಒಂದೇ, ಅದು ಶಾಲೆಯ ತೋಟ.

ಸರ್ಕಾರಕ್ಕೆ ಇದು ಹೊಸ ವಿಷಯವೇನೂ ಅಲ್ಲ. 1937ರಲ್ಲೇ ಗಾಂಧೀಜಿ ವಾರ್ಧಾದಲ್ಲಿ ಕೈಕೆಲಸದ ಮೂಲಕ ಪಾಠ ಎಂದರು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದೇ ಬಳ್ಳಾರಿ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ಅದರ ಬೆನ್ನಿಗೆ 'ಅಕ್ಷರ ಕೈತೋಟ' ಬಂತು. 2021ರಲ್ಲಿ ಕೇಂದ್ರ ಸರ್ಕಾರ ಬಿಸಿಯೂಟಕ್ಕೆ ಪಿಎಂ ಪೋಷಣ್ ಎಂದು ಹೆಸರಿಟ್ಟಾಗಲೂ ಶಾಲಾ ಪೌಷ್ಟಿಕ ತೋಟಕ್ಕೆ ಒತ್ತು ಕೊಟ್ಟಿತು. ಹೆಸರಿಗೆ ಬರವಿಲ್ಲ. ಬರ ಇರುವುದು ಬೇರೆ ಕಡೆ.

ಒಂದು ತೋಟಕ್ಕೆ ಕೇಂದ್ರದ ಲೆಕ್ಕ ಸುಮಾರು 5,000 ರೂಪಾಯಿ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಕೋ ಕ್ಲಬ್ ಬಾಬ್ತು ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 15,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಕೊಡಬಹುದು ಎಂದಿದೆ. ಐದು ಸಾವಿರದಲ್ಲಿ ಬೀಜ, ಸನಿಕೆ, ಕುರ್ಚಿಗೆ, ಎರಡು ಗಾಡಿ ತಿಪ್ಪೆಗೊಬ್ಬರ ಬಂದಾವು. ಬೇಲಿ ಬರುವುದಿಲ್ಲ. ನೀರಿನ ಪೈಪು ಬರುವುದಿಲ್ಲ. ಬೇಲಿ ಇಲ್ಲದ ತೋಟ ಈ ಸೀಮೆಯಲ್ಲಿ ಎಷ್ಟು ದಿನ ಇರುತ್ತದೆ ಅನ್ನುವುದನ್ನು ಮೇಷ್ಟ್ರನ್ನಲ್ಲ, ಊರ ಮೇಕೆಗಳನ್ನು ಕೇಳಬೇಕು!

ಎರಡನೆಯದು ಕಾಲದ ಮಾತು. ರೋಹಿಣಿ ಮಳೆಯ ಹೊತ್ತಿಗೆ ಶಾಲೆ ಗಂಟೆ ಹೊಡೆಯುತ್ತದೆ, ಮೃಗಶಿರಕ್ಕೆ ಪುಸ್ತಕ ಕೈಗೆ ಬರುತ್ತದೆ. ಮುಂಗಾರು, ಶಾಲೆ ಒಟ್ಟಿಗೆ ಶುರುವಾಗುವ ಇಂಥ ಅನುಕೂಲ ಎಲ್ಲುಂಟು? ಆದರೆ ಹಣ ಮಾರ್ಚ್ ಕೊನೆಗೆ ಬಂದರೆ ಅದು ಬಿಲ್ಲಿಗೆ ಆದೀತು, ಬಿತ್ತನೆಗೆ ಆಗದು. ಮಳೆ ಖಜಾನೆಯನ್ನು ಕೇಳಿ ಬರುವುದಿಲ್ಲ. ತೋಟದ ಹಣ ಮೇ ತಿಂಗಳೊಳಗೆ ಶಾಲೆಯ ಖಾತೆಗೆ ಬೀಳಬೇಕು.

ಮೂರನೆಯದು ನೀರು. ಇದು ಮಳೆ ನಂಬಿದ ಕೆಂಪು ಮಣ್ಣಿನ ನಾಡು. ಆದರೂ ದಾರಿ ಇದೆ. ನೂರು ಮಕ್ಕಳು ಬಿಸಿಯೂಟದ ನಂತರ ತಲಾ ಒಂದೂವರೆ ಲೀಟರಿನಲ್ಲಿ ಕೈ, ತಟ್ಟೆ ತೊಳೆದರೂ ದಿನಕ್ಕೆ 150 ಲೀಟರ್ ನೀರು ಚರಂಡಿ ಸೇರುತ್ತದೆ. ಅದನ್ನು ತಿರುಗಿಸಿದರೆ ನುಗ್ಗೆ, ಕರಿಬೇವು, ಪಪ್ಪಾಯಿ, ನಿಂಬೆ ಬದುಕುತ್ತವೆ. ಮಳೆಗಾಲದಲ್ಲಿ ಪುಂಡಿಪಲ್ಲೆ, ರಾಜಗಿರಿ, ಮೆಂತ್ಯ ಹಾಕಿಕೊಂಡರಾಯಿತು. ಬೇಸಿಗೆ ರಜೆಯಲ್ಲಿ ಸೊಪ್ಪು ಒಣಗಿದರೆ ಒಣಗಲಿ, ಬೇರೂರಿದ ನುಗ್ಗೆ ಸಾಯುವುದಿಲ್ಲ. ರಜೆಯಲ್ಲಿ ಗಿಡ ನೋಡುವವರಿಗೆ ನಾಲ್ಕು ಕಾಸು ಗೊತ್ತು ಮಾಡಬೇಕು. ಅಡುಗೆಯ ಅಮ್ಮಂದಿರ ತಲೆಗೆ ಅದನ್ನೂ ಬಿಟ್ಟಿಯಾಗಿ ಕಟ್ಟುವುದು ನ್ಯಾಯವಲ್ಲ.

"ನಾವು ಮಣ್ಣು ಹೊತ್ತದ್ದು ಸಾಲದೇನ್ರೀ, ನಮ್ಮ ಮಕ್ಕಳೂ ಹೊರಬೇಕಾ?" ಎನ್ನುವ ತಂದೆತಾಯಿ ಇದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ತೋಟದ ಹೆಸರಿನಲ್ಲಿ ಹುಡುಗಿಯರು ಕಳೆ ಕೀಳುವುದು, ಒಂದು ಕೇರಿಯ ಮಕ್ಕಳು ನೀರು ಹೊರುವುದು, ಉಳಿದವರು ಫೋಟೋಕ್ಕೆ ನಿಲ್ಲುವುದು ನಡೆದರೆ ಅಂಥ ತೋಟ ಬೇಡವೇ ಬೇಡ. ಸನಿಕೆ ಎಲ್ಲರ ಕೈಗೂ ಬರಬೇಕು, ಲೆಕ್ಕದ ಪುಸ್ತಕವೂ ಬರಬೇಕು. ಎಷ್ಟು ಬೀಜ, ಎಷ್ಟು ನೀರು, ಎಷ್ಟು ಕೆಜಿ ಸೊಪ್ಪು, ಕೊಟ್ಟೂರು ಪೇಟೆಯ ದರದಲ್ಲಿ ಎಷ್ಟಾಯಿತು ಎಂದು ಮಗು ಬರೆದಿಟ್ಟರೆ ಅದು ಕೂಲಿಯಲ್ಲ, ಗಣಿತ. ತನ್ನಪ್ಪ ವರ್ಷವಿಡೀ ದುಡಿದೂ ಯಾಕೆ ಸೋಲುತ್ತಾನೆ ಎಂಬುದು ಆ ಪುಸ್ತಕದಲ್ಲೇ ಅದಕ್ಕೆ ಮೊದಲು ಕಂಡೀತು.

ಆಗಬೇಕಾದದ್ದು ದೊಡ್ಡದೇನಲ್ಲ. 371ಜೆ ಕಲಮಿನ ಬಲದಿಂದ ನಿಂತಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕೊಠಡಿ ಕಟ್ಟಿಸುವಾಗ ಬೇಲಿ, ತೊಟ್ಟಿಯನ್ನೂ ಅದೇ ಅಂದಾಜುಪಟ್ಟಿಗೆ ಸೇರಿಸಲಿ. ಹಗರಿಯ ಕೃಷಿ ವಿಜ್ಞಾನ ಕೇಂದ್ರದವರು, ರೈತ ಸಂಪರ್ಕ ಕೇಂದ್ರದವರು ವರ್ಷಕ್ಕೆ ಎರಡು ಶನಿವಾರ ಬೆಳಗಿನ ಶಾಲೆಗೆ ಬಂದು ಹೋಗಲಿ. ಪಂಚಾಯ್ತಿ ನೀರು ಬಿಡಲಿ.

ಅಂಗಡಿಯವರೂ ಕೈಕಟ್ಟಿ ಕೂರಬೇಕಾಗಿಲ್ಲ. ಗೊಬ್ಬರದಂಗಡಿಯವರು ಹಿಡಿ ಬೀಜ, ಕಬ್ಬಿಣದಂಗಡಿಯವರು ಒಂದು ಸುರುಳಿ ತಂತಿ ಕೊಟ್ಟರೆ ಗಲ್ಲಾಪೆಟ್ಟಿಗೆ ಬರಿದಾಗದು. ಇನ್ನು ದಿನಾ ಬಸ್ಸಿನಲ್ಲಿ ಓಡಾಡುವವರು ಹಾದಿಯ ಮೇಲಿನ ಶಾಲೆಗಳ ಕಾಂಪೌಂಡಿನೊಳಗೆ ಒಮ್ಮೆ ಇಣುಕಿ ನೋಡಲಿ. ಒಳಗೆ ಹಸಿರಿದ್ದರೆ ಸಂತೋಷ. ಬರೀ 'ಕೈತೋಟ' ಎಂಬ ಬೋರ್ಡು ಮಾತ್ರ ಇದ್ದರೆ, ಇಳಿದು ಎಸ್‌ಡಿಎಂಸಿಯವರನ್ನು ಒಂದು ಮಾತು ಕೇಳಲಿ: ಐದು ಸಾವಿರ ಬಂತೋ ಇಲ್ಲವೋ? ಬಂದಿದ್ದರೆ ಗಿಡ ಎಲ್ಲಿ?