ಕೊನೆಯ ಅಸ್ತ್ರವೆಂಬ ಕ್ರೌರ್ಯ

ತೀವ್ರ ಖಿನ್ನತೆಗೆ ಕನಿಷ್ಠ ಎರಡು ಔಷಧಗಳನ್ನು, ಒಂದಾದ ಮೇಲೊಂದರಂತೆ, ಸರಿಯಾದ ಪ್ರಮಾಣದಲ್ಲಿ ಮತ್ತು ಸಾಕಷ್ಟು ವಾರಗಳ ಕಾಲ ಕೊಟ್ಟ ಮೇಲೂ ಗುಣ ಕಾಣದಿದ್ದರೆ ಅದನ್ನು ಮನೋವೈದ್ಯರು ಔಷಧಕ್ಕೆ ಬಗ್ಗದ ಖಿನ್ನತೆ ಎನ್ನುತ್ತಾರೆ. ಈ ಹಂತ ಮುಟ್ಟಿದ ರೋಗಿಗೆ ವಿದ್ಯುತ್ ಕಂಪನ ಚಿಕಿತ್ಸೆಯನ್ನು, ಅಂದರೆ ವೈದ್ಯರು ಇಸಿಟಿ ಎಂದೂ ಜನ ‘ಕರೆಂಟ್ ಕೊಡುವುದು’ ಎಂದೂ ಹೇಳುವ ಚಿಕಿತ್ಸೆಯನ್ನು, ಕೊಡಿಸಬೇಕೇ ಬೇಡವೇ ಎಂಬುದನ್ನು ಇಂದು ತೀರ್ಮಾನಿಸುತ್ತಿರುವುದು ವೈದ್ಯಶಾಸ್ತ್ರವಲ್ಲ, ಸಿನಿಮಾ ಕಲಿಸಿದ ಭಯ. ಮೈಸೂರಿನ ಬನ್ನಿಮಂಟಪದಲ್ಲಿ 1984ರಲ್ಲಿ ಆರಂಭವಾದ ಜೆಎಸ್ಎಸ್ ವೈದ್ಯಕೀಯ ಕಾಲೇಜಿದೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಸರ್ಕಾರದ ಕೆ.ಆರ್. ಆಸ್ಪತ್ರೆಯಿದೆ. ವೈದ್ಯವಿದ್ಯೆ ಇಷ್ಟು ಹತ್ತಿರವಿರುವ ಬಡಾವಣೆಯಲ್ಲೂ ಈ ಚಿಕಿತ್ಸೆಯ ಹೆಸರೆತ್ತಿದೊಡನೆ ಮಾತು ತಗ್ಗುತ್ತದೆ, ಬಾಗಿಲು ಮುಚ್ಚುತ್ತದೆ, ಮತ್ತು ಹಾಸಿಗೆ ಹಿಡಿದವರನ್ನು ಒಂದು ಮಾತೂ ಕೇಳದೆ ‘ಅದೊಂದು ಬೇಡ’ ಎಂಬ ತೀರ್ಪು ಹೊರಬೀಳುತ್ತದೆ.

ಆ ತೀರ್ಪಿನ ಹಿಂದಿರುವ ಚಿತ್ರ ಎಚ್ಚರವಿರುವ ಮನುಷ್ಯನನ್ನು ನಾಲ್ವರು ಅದುಮಿ ಹಿಡಿದು ತಲೆಗೆ ವಿದ್ಯುತ್ ಹಾಯಿಸುವ ದೃಶ್ಯದ್ದು. ಅಂಥ ಕಾಲವೊಂದಿತ್ತು. 1938ರಲ್ಲಿ ರೋಮಿನಲ್ಲಿ ಚೆರ್ಲೆಟ್ಟಿ ಮತ್ತು ಬೀನಿ ಎಂಬ ವೈದ್ಯರು ಈ ಚಿಕಿತ್ಸೆಯನ್ನು ಮೊದಲು ಪ್ರಯೋಗಿಸಿದಾಗ ಅರಿವಳಿಕೆ ಇರಲಿಲ್ಲ, ಸೆಳವಿನ ರಭಸಕ್ಕೆ ಮೂಳೆ ಮುರಿದದ್ದೂ ಉಂಟು. ಇಂದಿನ ಇಸಿಟಿಯಲ್ಲಿ ರೋಗಿ ಅರಿವಳಿಕೆಯಲ್ಲಿ ನಿದ್ರಿಸುತ್ತಿರುತ್ತಾನೆ, ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟಿರುತ್ತಾರೆ, ಹಲ್ಲು ನಾಲಗೆಗಳಿಗೆ ಪೆಟ್ಟಾಗದಂತೆ ಬಾಯಲ್ಲಿ ಮೆತ್ತೆ ಇಟ್ಟಿರುತ್ತಾರೆ; ಕೆಲವು ಸೆಕೆಂಡುಗಳ ವಿದ್ಯುತ್ತಿನಿಂದ ಮಿದುಳಿನಲ್ಲಿ ಒಂದು ನಿಮಿಷದೊಳಗೆ ಮುಗಿಯುವ ನಿಯಂತ್ರಿತ ಸೆಳವು ಉಂಟಾಗುತ್ತದೆ. ವಾರಕ್ಕೆ ಎರಡು ಮೂರು ಸಲದಂತೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ಸಲ ಕೊಟ್ಟರೆ ಒಂದು ಸರಣಿ ಮುಗಿಯುತ್ತದೆ. ಸಾವಿನ ಸಂಭವ ಒಂದು ಲಕ್ಷ ಚಿಕಿತ್ಸೆಗಳಿಗೆ ಸುಮಾರು ಎರಡು. ನಿಂತುಹೋಗುವ ಹೃದಯಕ್ಕೆ ವಿದ್ಯುತ್ ಕೊಟ್ಟ ವೈದ್ಯನನ್ನು ದೇವರೆಂದು ಕೈಮುಗಿಯುವ ಸಮಾಜ, ಬದುಕಲಾರೆನೆನ್ನುವ ಮಿದುಳಿಗೆ ಅದನ್ನೇ ಕೊಟ್ಟವನನ್ನು ಕಟುಕನೆಂದು ಕರೆಯುವುದಕ್ಕೆ ವಿವೇಕದ ಆಧಾರವಿಲ್ಲ.

ಈ ವಿವಾದದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳಬೇಕಾದ ಒಂದು ಸಂಖ್ಯೆಯಿದೆ. ಅಮೆರಿಕದಲ್ಲಿ ಖಿನ್ನತೆಯ ಸುಮಾರು 4,000 ಹೊರರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಸ್ಟಾರ್-ಡಿ ಎಂಬ ಅಧ್ಯಯನದಲ್ಲಿ ಮೊದಲ ಔಷಧದಿಂದ ಪೂರ್ಣ ಚೇತರಿಕೆ ಕಂಡವರು ನೂರಕ್ಕೆ ಸುಮಾರು 37, ಎರಡನೆಯ ಹಂತದಲ್ಲಿ ಸುಮಾರು 31. ಮೂರನೆಯ ಹಂತಕ್ಕೆ ಬಂದಾಗ ಆ ಸಂಖ್ಯೆ 14ಕ್ಕೆ, ನಾಲ್ಕನೆಯದಕ್ಕೆ 13ಕ್ಕೆ ಕುಸಿಯಿತು. ಎರಡು ಔಷಧ ಸೋತ ಮೇಲೆ ‘ಇನ್ನೊಂದು ಮಾತ್ರೆ ನೋಡೋಣ’ ಎನ್ನುವವರು ರೋಗಿಯನ್ನು ನೂರರಲ್ಲಿ ಹದಿನಾಲ್ಕರ ಜೂಜಿಗೆ ಒಡ್ಡುತ್ತಿದ್ದಾರೆ. ಔಷಧಕ್ಕೆ ಬಗ್ಗದವರಲ್ಲಿಯೂ ಇಸಿಟಿಯಿಂದ ಸುಮಾರು ಅರ್ಧದಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಹದಿನಾಲ್ಕು ಒಂದು ಕಡೆ, ಐವತ್ತರ ಆಸುಪಾಸು ಇನ್ನೊಂದು ಕಡೆ. ಇಷ್ಟನ್ನು ರೋಗಿಗೆ ಹೇಳದೆ ಮೂರನೆಯ, ನಾಲ್ಕನೆಯ, ಐದನೆಯ ಚೀಟಿ ಬರೆಯುವುದನ್ನು ಎಚ್ಚರಿಕೆ ಎನ್ನಲಾಗದು.

ಇದು ಪರದೇಶದ ಲೆಕ್ಕವೆಂದು ತಳ್ಳಿಹಾಕಲೂ ಬರುವುದಿಲ್ಲ. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯನ್ನು ತನ್ನೊಳಗೆ ಸೇರಿಸಿಕೊಂಡು 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿ.ಎನ್. ಗಂಗಾಧರ್ ಮತ್ತು ಸಹೋದ್ಯೋಗಿಗಳು ಒಂದು ಗುಂಪಿಗೆ ನಿಜವಾದ ಇಸಿಟಿಯ ಜೊತೆ ಹುಸಿ ಮಾತ್ರೆಯನ್ನೂ ಇನ್ನೊಂದಕ್ಕೆ ಹುಸಿ ಇಸಿಟಿಯ ಜೊತೆ ಇಮಿಪ್ರಮಿನ್ ಎಂಬ ಔಷಧವನ್ನೂ ಕೊಟ್ಟು, ಯಾರಿಗೆ ಯಾವುದೆಂದು ಪರೀಕ್ಷಕರಿಗೂ ತಿಳಿಯದಂತೆ ನಡೆಸಿದ ಅಧ್ಯಯನ 1982ರಲ್ಲಿಯೇ ಪ್ರಕಟವಾಗಿದೆ. ಆ ಕಾಲದ ಪ್ರಮುಖ ಔಷಧಕ್ಕೆ ಇಸಿಟಿ ಅಲ್ಲಿ ಕಡಿಮೆ ಬೀಳಲಿಲ್ಲ. 2003ರಲ್ಲಿ ಬ್ರಿಟನ್ನಿನ ತಜ್ಞರ ತಂಡ 18 ಪ್ರಯೋಗಗಳ 1,144 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಇಸಿಟಿ ಔಷಧಗಳಿಗಿಂತ ಹೆಚ್ಚು ಪರಿಣಾಮಕಾರಿ ಎಂದು ಕಂಡಿತು. ಇಷ್ಟಾದರೂ ‘ಅದು ಕೊನೆಯ ಅಸ್ತ್ರ’ ಎಂಬ ಮಾತು ಬದಲಾಗಿಲ್ಲ. ಬನ್ನಿಯ ಮರದಲ್ಲಿ ಆಯುಧ ಬಚ್ಚಿಟ್ಟ ಪಾಂಡವರಿಗೆ ಅದನ್ನು ಎಂದು ಇಳಿಸಬೇಕೆಂಬ ಗಡುವು ಗೊತ್ತಿತ್ತು. ಖಿನ್ನತೆಯ ರೋಗಿಗೆ ಅಂಥ ಗಡುವನ್ನು ಯಾರೂ ಕೊಟ್ಟಿಲ್ಲ, ಮತ್ತು ಕಾಯುತ್ತಿರುವ ಅವಧಿಯಲ್ಲಿಯೇ ಕೆಲಸ ಹೋಗುತ್ತದೆ, ಸಂಸಾರ ಒಡೆಯುತ್ತದೆ, ಆತ್ಮಹತ್ಯೆಯ ಆಲೋಚನೆ ಬಲಿಯುತ್ತದೆ.

ನೆನಪಿಗೆ ಆಗುವ ಹಾನಿ ನಿಜ. ಚಿಕಿತ್ಸೆಯ ಆಸುಪಾಸಿನ ವಾರಗಳ ಸಂಗತಿಗಳು ಅಳಿಸಿಹೋಗಬಹುದು, ಕೆಲವರಿಗೆ ಬದುಕಿನ ಹಳೆಯ ನೆನಪುಗಳಲ್ಲಿ ಕೆಲವು ಮರಳಿ ಬರುವುದೂ ಇಲ್ಲ. ಇದನ್ನು ಮುಚ್ಚಿಡುವ ವೈದ್ಯ ತಪ್ಪಿತಸ್ಥ. ಆದರೆ ಸಹಿ ಹಾಕುವ ಮುನ್ನ ಹೇಳಬೇಕಾದ ಸಂಗತಿ ಇದು. ಇದನ್ನೇ ಆಯ್ಕೆಯನ್ನು ಕಿತ್ತುಕೊಳ್ಳುವ ನೆಪ ಮಾಡಬಾರದು. ತೀವ್ರ ಖಿನ್ನತೆಯೂ ನೆನಪನ್ನು, ಗಮನವನ್ನು ತಿನ್ನುತ್ತದೆ.

ಕಾನೂನು ಅರ್ಧ ದಾರಿ ಸರಿಯಾಗಿ ನಡೆದು ಉಳಿದರ್ಧದಲ್ಲಿ ಎಡವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೆಯ ಕಲಮು ಅರಿವಳಿಕೆ ಮತ್ತು ಸ್ನಾಯು ಸಡಿಲಿಕೆಯ ಔಷಧವಿಲ್ಲದ ಇಸಿಟಿಯನ್ನು ನಿಷೇಧಿಸಿರುವುದು ನ್ಯಾಯವಾದದ್ದು. ಆದರೆ ಅದೇ ಕಾಯ್ದೆಯ 94ನೆಯ ಕಲಮು ತುರ್ತು ಚಿಕಿತ್ಸೆಯಲ್ಲಿ ಇಸಿಟಿ ಸಲ್ಲದೆಂದು ಹೇಳಿ, ಅನ್ನನೀರು ಬಿಟ್ಟು, ಮಾತು ನಿಂತು, ಮರಗಟ್ಟಿ ಮಲಗಿದ ರೋಗಿಗೆ ಎಲ್ಲಕ್ಕಿಂತ ಬೇಗ ಫಲ ಕೊಡಬಲ್ಲ ಚಿಕಿತ್ಸೆಯನ್ನು ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ ದೂರವಿಟ್ಟಿದೆ. ಇದರ ಮೇಲೆ 2023ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ ಸೇರಿ ಹೊರತಂದ ಮಾರ್ಗದರ್ಶಿ ಈ ಚಿಕಿತ್ಸೆಯನ್ನು ಪೂರ್ತಿ ನಿಷೇಧಿಸಬೇಕೆಂಬ ಬೇಡಿಕೆಯನ್ನು ಉಲ್ಲೇಖಿಸಿ ನಿಷೇಧವಾದಿಗಳಿಗೆ ಬಲ ತುಂಬಿದೆ. ಜಿನೀವಾದಲ್ಲಿ ಕುಳಿತು ಹಕ್ಕಿನ ಹೆಸರಿನಲ್ಲಿ ಚಿಕಿತ್ಸೆಯ ಬಾಗಿಲು ಮುಚ್ಚುವುದು ಸುಲಭ. ಎಚ್.ಡಿ. ಕೋಟೆಯಿಂದಲೋ ಗುಂಡ್ಲುಪೇಟೆಯಿಂದಲೋ ವಾರಕ್ಕೆ ಮೂರು ಸಲ, ರೋಗಿಯ ಜೊತೆ ಇನ್ನೊಬ್ಬರ ಕೂಲಿಯನ್ನೂ ಕಳೆದುಕೊಂಡು ಮೈಸೂರಿನ ಬಸ್ಸು ಹತ್ತಬೇಕಾದ ಕುಟುಂಬಕ್ಕೆ ಆ ಬಾಗಿಲು ಈಗಾಗಲೇ ಮುಕ್ಕಾಲು ಮುಚ್ಚಿದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನೂ ಅರಿವಳಿಕೆ ತಜ್ಞರನ್ನೂ ಕೊಡಿ ಎಂದು ಇದೇ ಹಕ್ಕುಗಳ ವಕ್ತಾರರು ಬೀದಿಗಿಳಿಯಬೇಕಿತ್ತು.

ಮೈಸೂರಿಗೆ ಈ ವಿಷಯ ಹೊಸದಲ್ಲ. ಇದೇ ಊರಿನ ಲೇಖಕಿ, ಮನಶ್ಶಾಸ್ತ್ರ ಓದಿದ ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯಲ್ಲಿ, ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದ ಚಿತ್ರದಲ್ಲಿ, ನಾಯಕಿ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಬರುತ್ತಾಳೆ; ಅವಳನ್ನು ಮತ್ತೆ ಕೆಡಹುವುದು ಗಂಡನ ಸಂಶಯ, ನೆಂಟರಿಷ್ಟರ ಪಿಸುಮಾತು. ಇಂದಿಗೂ ಮಗಳಿಗೆ ಇಸಿಟಿ ಬೇಡವೆನ್ನುವ ಅನೇಕ ಮನೆಗಳ ಚಿಂತೆ ಅವಳ ನೆನಪಿನದಲ್ಲ, ಸಂಬಂಧ ಕುದುರುವುದಿಲ್ಲವೆಂಬುದು. ಮಾತ್ರೆಯನ್ನು ಬೀರುವಿನಲ್ಲಿ ಬಚ್ಚಿಡಬಹುದು, ಆಸ್ಪತ್ರೆಯ ವಾರ್ಡನ್ನು ಬಚ್ಚಿಡಲಾಗದು. ಹೆಣ್ಣಿನ ಕಾಯಿಲೆಯನ್ನು ಮನೆತನದ ಮರ್ಯಾದೆಯ ತಕ್ಕಡಿಯಲ್ಲಿ ತೂಗುವ ಈ ಹಳೆಯ ರೂಢಿ ಎಷ್ಟು ಜೀವಗಳನ್ನು ವರ್ಷಗಟ್ಟಲೆ ಕೋಣೆಯೊಳಗೆ ಕೊಳೆಸಿದೆಯೆಂಬುದಕ್ಕೆ ಯಾವ ಆಸ್ಪತ್ರೆಯಲ್ಲೂ ದಾಖಲೆಯಿಲ್ಲ.

ಎರಡನೆಯ ಔಷಧ ಸೋತ ದಿನವೇ ಮನೋವೈದ್ಯರು ರೋಗಿಯನ್ನು ಕೂರಿಸಿಕೊಂಡು, ಮನೆಯವರಿಗಿಂತ ಮೊದಲು ರೋಗಿಗೆ, ಕನ್ನಡದಲ್ಲಿ, ಗುಣವಾಗುವ ಸಂಭವ ಎಷ್ಟು, ನೆನಪಿಗೆ ಆಗಬಹುದಾದ ಹಾನಿ ಏನು, ಸರಣಿ ಮುಗಿದ ಮೇಲೂ ಔಷಧ ಮುಂದುವರಿಸದಿದ್ದರೆ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸುವ ಅಪಾಯ ಎಷ್ಟು ಹೆಚ್ಚು ಎಂಬುದನ್ನು ಹೇಳಬೇಕು. ಕಾಯ್ದೆಯ 5ನೆಯ ಕಲಮಿನಂತೆ, ನಿರ್ಧರಿಸುವ ಶಕ್ತಿ ಉಳಿದಿರುವಾಗಲೇ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡುವ ಮುಂಗಡ ನಿರ್ದೇಶನದ ಹಕ್ಕು ರೋಗಿಗಿದೆ ಎಂಬುದನ್ನೂ ಅಲ್ಲಿಯೇ ತಿಳಿಸಬೇಕು. ಎಲ್ಲವನ್ನೂ ಕೇಳಿ ರೋಗಿ ‘ಬೇಡ’ ಎಂದರೆ ಅದು ಬೇಡವೇ ಸರಿ. ಆದರೆ ಆ ಮಾತು ರೋಗಿಯ ಬಾಯಿಂದಲೇ ಬರಬೇಕು.