ಟಂಗ್‌ಸ್ಟನ್‌ಗೂ ಸಾಣೆ, ನನ್ನ ಜಂಬಕ್ಕೂ ಸಾಣೆ

'ಟಿಗ್ ವೆಲ್ಡಿಂಗ್ ವಿಧಾನವನ್ನು ಚಿತ್ರಸಹಿತ ವಿವರಿಸಿ.' ಮೆಕ್ಯಾನಿಕಲ್ ಓದುವವರಿಗೆಲ್ಲ ಈ ಪ್ರಶ್ನೆ ಹಳೇ ಗೆಳೆಯ. ನಾನೂ ಎರಡು ಪುಟ ಬರೆದು, ಸ್ಕೇಲ್ ಇಟ್ಟು ಚಿತ್ರ ಬಿಡಿಸಿ ಬಂದವನೇ. ಆ ಚಿತ್ರದಲ್ಲಿ ಟಂಗ್‌ಸ್ಟನ್ ಎಲೆಕ್ಟ್ರೋಡ್‌ನ ತುದಿ ಸೂಜಿಯಂತೆ ಚೂಪಾಗಿತ್ತು. ಈ ಬೇಸಿಗೆ ರಜೆಯಲ್ಲಿ ಅದೇ ಸೂಜಿ ಮೊನೆ ನನ್ನ ಸೋದರಮಾವನ ಎರಡು ದಿನದ ದುಡಿಮೆಯನ್ನು ನುಂಗಿತು.

ಮುಧೋಳದಲ್ಲಿ ಮಾವನದು ಸಣ್ಣ ಫ್ಯಾಬ್ರಿಕೇಶನ್ ಅಂಗಡಿ. ನಮ್ಮದು ಕಬ್ಬಿನ ಸೀಮೆ. ಹಂಗಾಮು ಮುಗಿದು ಕಾರ್ಖಾನೆಗಳ ಗಾಣ ನಿಂತ ಮೇಲೆ ರಿಪೇರಿ ಕೆಲಸ ಶುರು. ಮಾವನಂಥ ಸಣ್ಣ ಗುತ್ತಿಗೆದಾರರಿಗೆ ಅದೇ ಸುಗ್ಗಿ. ಗೇಟು, ಟ್ರೇಲರ್‌ಗಳಿಗೆ ಮಾಮೂಲಿ ರಾಡ್ ವೆಲ್ಡಿಂಗ್ ಸಾಕು. ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳಿಗೆ ಮಾತ್ರ ಟಿಗ್ ಬೇಕು. ಅಂಗಡಿ ಭಾಷೆಯಲ್ಲಿ ಅದು 'ಆರ್ಗಾನ್ ವೆಲ್ಡಿಂಗ್'. ಇಲ್ಲಿ ಟಂಗ್‌ಸ್ಟನ್ ಕಡ್ಡಿ ತಾನು ಕರಗದೆ ಆರ್ಕ್ ಹಿಡಿದು ನಿಲ್ಲುತ್ತದೆ, ಆರ್ಗಾನ್ ಅನಿಲ ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಲೋಹಗಳಲ್ಲೇ ಅತಿ ಹೆಚ್ಚು ಶಾಖ ತಡೆಯುವುದು ಟಂಗ್‌ಸ್ಟನ್. ಅದು ಕರಗಬೇಕಾದರೆ 3,422 ಡಿಗ್ರಿ ಸೆಲ್ಸಿಯಸ್ ಬೇಕು.

ಅಂದು ಹೆಲ್ಪರ್ ಹುಡುಗ ರಜೆ ಹಾಕಿದ್ದ. 'ಅಳಿಯಾ, ಈ ನಾಕು ಕಡ್ಡಿಗೆ ಮೊನಿ ಮಾಡಿ ಕೊಡು' ಎಂದರು ಮಾವ. ಬಿಇ ಓದುವ ನನಗೆ ಇದ್ಯಾವ ಲೆಕ್ಕ? ಗ್ರೈಂಡರ್ ಚಾಲೂ ಮಾಡಿ, ಕಡ್ಡಿಯನ್ನು ಅಡ್ಡ ಹಿಡಿದು ತಿರುಗಿಸುತ್ತಾ ಚಿತ್ರದಲ್ಲಿದ್ದ ಹಾಗೆಯೇ ಸೂಜಿ ಮಾಡಿ ಕೊಟ್ಟೆ. ಅವಸರದಲ್ಲಿದ್ದ ಮಾವ ನನ್ನನ್ನು ನಂಬಿ ಟಾರ್ಚಿಗೆ ಹಾಕಿದರು.

ಪೈಪುಗಳ ಜಾಯಿಂಟ್‌ಗಳಿಗೆ ಎಕ್ಸ್‌ರೇ ಮಾಡಿದಾಗ ಎರಡರಲ್ಲಿ ಬಿಳಿ ಚುಕ್ಕೆ ಕಂಡವು. ಟಂಗ್‌ಸ್ಟನ್ ಉಕ್ಕಿಗಿಂತ ಬಹಳ ಸಾಂದ್ರವಾದ್ದರಿಂದ ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದೆ. ನನ್ನ ಸೂಜಿ ಮೊನೆ ಕರೆಂಟ್ ತಾಳಲಾರದೆ ಉದುರಿ ಜಾಯಿಂಟ್ ಒಳಗೆ ಕುಳಿತಿತ್ತು. ಎರಡನ್ನೂ ಕತ್ತರಿಸಿ, ಪೈಪು ಮತ್ತೆ ಹೊಂದಿಸಿ, ಹೊಸದಾಗಿ ವೆಲ್ಡ್ ಮಾಡಬೇಕಾಯಿತು. ಖರ್ಚು ಮಾವನದೇ.

ಮಾವ ಬೈಯಲಿಲ್ಲ. 'ನಿನ್ನ ಪುಸ್ತಕದಾಗ ಇದು ಇಲ್ಲೇನಪಾ?' ಎಂದರು.

'ಚಿತ್ರ ಐತ್ರಿ ಮಾವ' ಎಂದೆ.

'ಚಿತ್ರಕ್ಕ ಕರೆಂಟ್ ಕೊಡಾಕ ಬರೂದಿಲ್ಲಲ್ಲೋ' ಎಂದು ನಕ್ಕರು. ಆ ನಗು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ಗ್ರೈಂಡರ್ ಮುಂದೆ ನಿಲ್ಲಿಸಿಕೊಂಡು ಕಲಿಸಿದರು. ಕಡ್ಡಿಯನ್ನು ಅಡ್ಡ ಅಲ್ಲ, ಉದ್ದಕ್ಕೆ ಹಿಡಿಯಬೇಕು. ಸಾಣೆಯ ಗೆರೆಗಳು ಮೊನೆಯ ಕಡೆಗೆ ಓಡಬೇಕೇ ಹೊರತು ಬಳೆಯಂತೆ ಸುತ್ತಿಕೊಂಡಿರಬಾರದು. ಬಳೆ ಗೆರೆ ಇದ್ದರೆ ಆರ್ಕ್ ಒಂದು ಕಡೆ ನಿಲ್ಲದೆ ಅಲೆದಾಡುತ್ತದೆ. ಇಳಿಜಾರಿನ ಉದ್ದ ಕಡ್ಡಿಯ ದಪ್ಪದ ಎರಡರಿಂದ ಎರಡೂವರೆ ಪಟ್ಟು. ಅಂದರೆ 2.4 ಮಿ.ಮೀ. ಕಡ್ಡಿಗೆ ಸುಮಾರು 5ರಿಂದ 6 ಮಿ.ಮೀ. ಕೊನೆಗೆ ತುದಿಯನ್ನು ಕಲ್ಲಿಗೆ ಮೆಲ್ಲಗೆ ತಾಗಿಸಿ ಚೂರೇ ಚೂರು ಚಪ್ಪಟೆ ಮಾಡಬೇಕು. ಕರೆಂಟ್ ಹೆಚ್ಚಿದಷ್ಟೂ ಈ ಚಪ್ಪಟೆ ತುದಿ ಮುಖ್ಯ. ಕೈ ನಿಲ್ಲದವರು ಕಡ್ಡಿಯನ್ನು ಬ್ಯಾಟರಿ ಡ್ರಿಲ್‌ಗೆ ಸಿಕ್ಕಿಸಿ ನಿಧಾನಕ್ಕೆ ತಿರುಗಿಸಬಹುದು. ಆಗ ಸುತ್ತಲೂ ಸಮ ಬರುತ್ತದೆ. ಆದರೂ ಹಿಡಿಯುವುದು ಉದ್ದಕ್ಕೇ. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಡೈಮಂಡ್ ವೀಲ್ ಇರುವ ಯಂತ್ರಗಳಿವೆ. ಅಂಗಡಿಯಲ್ಲಿ ಅದಿಲ್ಲದಿದ್ದರೆ ಒಂದು ಕಲ್ಲನ್ನಾದರೂ ಟಂಗ್‌ಸ್ಟನ್‌ಗೆಂದೇ ಮೀಸಲಿಡಬೇಕು. ಕಬ್ಬಿಣ ಉಜ್ಜಿದ ಕಲ್ಲಿಗೆ ಹಿಡಿದರೆ ಅದರ ಕಣ ಮೊನೆಗೆ ಅಂಟಿ ಆರ್ಕ್ ಕೆಡುತ್ತದೆ.

ಮೊನೆಯ ಕೋನ ಬದಲಾದರೆ ವೆಲ್ಡಿಂಗೂ ಬದಲಾಗುತ್ತದೆ. ಕೋನ ಕಿರಿದಾದರೆ ಆರ್ಕ್ ಹರಡಿ ಬೆಸುಗೆ ಅಗಲವಾಗುತ್ತದೆ, ಆಳ ಕಡಿಮೆ. ಕೋನ ಅಗಲವಾದರೆ ಬೆಸುಗೆ ಕಿರಿದಾಗಿ ಆಳಕ್ಕಿಳಿಯುತ್ತದೆ. ಮೊನೆ ಚೂಪಾದಷ್ಟೂ ಆಳಕ್ಕೆ ಹೋಗುತ್ತದೆ ಎಂದೇ ನಾನು ಅಂದುಕೊಂಡಿದ್ದೆ!

ಇಷ್ಟೆಲ್ಲ ಕಲಿತ ಮೇಲೆ ನಾನೂ ಒಂದು ಮಾತು ಕಲಿಸುವ ಸರದಿ ಬಂತು. ಮಾವನ ಡಬ್ಬಿಯಲ್ಲಿದ್ದ ಕಡ್ಡಿಗಳ ತುದಿಗೆ ಕೆಂಪು ಬಣ್ಣವಿತ್ತು. ಕೆಂಪು ಎಂದರೆ ಶೇ 2ರಷ್ಟು ಥೋರಿಯಂ ಆಕ್ಸೈಡ್ ಬೆರೆಸಿದ ಟಂಗ್‌ಸ್ಟನ್. ಆರ್ಕ್ ಸುಲಭವಾಗಿ ಹೊತ್ತಲಿ ಎಂದು ಅದನ್ನು ಸೇರಿಸುತ್ತಾರೆ. ಹಿಂದೆ ಜಾತ್ರೆ, ಮದುವೆಗಳಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್‌ನ ಮ್ಯಾಂಟಲ್‌ನಲ್ಲೂ ಥೋರಿಯಂ ಇರುತ್ತಿತ್ತು. ಥೋರಿಯಂ ವಿಕಿರಣ ಸೂಸುವ ಧಾತು. ಕಡ್ಡಿ ಕೈಯಲ್ಲಿದ್ದರೆ ಹೆದರಬೇಕಿಲ್ಲ, ಅದರ ಆಲ್ಫಾ ಕಣಗಳು ಚರ್ಮವನ್ನೂ ದಾಟುವುದಿಲ್ಲ. ಆದರೆ ಸಾಣೆ ಹಿಡಿದಾಗ ಏಳುವ ಧೂಳು ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ಒಳಗೇ ಕುಳಿತು ಹಾನಿ ಮಾಡಬಲ್ಲದು. ಥೋರಿಯಂ ಅರ್ಧಕ್ಕೆ ಇಳಿಯಲು ಸುಮಾರು 1,400 ಕೋಟಿ ವರ್ಷ ಬೇಕು. ಮಾವನ ಅಂಗಡಿಯಲ್ಲಿ ಗ್ರೈಂಡರ್ ಪಕ್ಕದ ಮೇಜಿನ ಮೇಲೆಯೇ ಚಹಾದ ಕಪ್ಪುಗಳಿದ್ದವು. ಮಾಸ್ಕ್ ಇರಲಿಲ್ಲ.

'ಇಪ್ಪತ್ತು ವರ್ಷ ಆತು, ಏನೂ ಆಗಿಲ್ಲ ಬಿಡು' ಎಂದರು ಮಾವ. ನಾನು ಬಿಡಲಿಲ್ಲ. ನೀಲಿ ಅಥವಾ ಬಂಗಾರದ ಬಣ್ಣದ ಗುರುತಿನ ಕಡ್ಡಿಗಳೂ ಸಿಗುತ್ತವೆ. ಅವುಗಳಲ್ಲಿ ಇರುವುದು ಲ್ಯಾಂಥನಮ್ ಆಕ್ಸೈಡ್, ವಿಕಿರಣದ ಚಿಂತೆಯಿಲ್ಲ. 'ಒಂದು ಪಾಕೀಟು ತಂದು ನೋಡ್ರಿ' ಎಂದು ದುಂಬಾಲು ಬಿದ್ದೆ. ನೀಲಿ ಕಡ್ಡಿ ಬಂತು. ನಾಲ್ಕು ದಿನ ಬಳಸಿದ ಮಾವ, 'ಆರ್ಕ್ ಛಲೋ ಹಿಡಿತೈತಿ' ಎಂದರು. ಹೆಲ್ಪರ್ ಹುಡುಗನಿಗೆ ಮಾಸ್ಕ್ ಬಂತು. ಚಹಾ ಈಗ ಹೊರಗಿನ ಕಟ್ಟೆಯ ಮೇಲೆ.

ಇಲ್ಲಿ ನನ್ನ ತಕರಾರು ಮಾವನ ಮೇಲಲ್ಲ, ನಾವು ಓದುವ ರೀತಿಯ ಮೇಲೆ. ನಮ್ಮ ಲ್ಯಾಬಿನಲ್ಲೂ ಟಿಗ್ ಯಂತ್ರವಿದೆ, ಬಟ್ಟೆ ಹೊದ್ದು ಮಲಗಿದೆ. ಪರೀಕ್ಷೆಗೆ ಬೇಕಾದ್ದು ಚಿತ್ರವಾದ್ದರಿಂದ ಅದನ್ನು ಯಾರೂ ಎಬ್ಬಿಸುವುದಿಲ್ಲ. ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ, 'ಮೊನೆ ಮಾಡೋದು ಐಟಿಐ ಹುಡುಗರ ಕೆಲಸ, ನಮ್ಮದಲ್ಲ' ಎಂದ. ರಜೆಗೆ ಮುಂಚೆ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಾಳೆ ವೆಲ್ಡಿಂಗ್ ಹೇಗಿರಬೇಕು ಎಂದು ಕಾಗದದಲ್ಲಿ ಬರೆದುಕೊಡುವವರು, ಎಕ್ಸ್‌ರೇ ಫಿಲ್ಮ್ ನೋಡಿ 'ರಿಜೆಕ್ಟ್' ಎನ್ನುವವರು ನಾವೇ ಅಲ್ಲವೇ? ಬಿಳಿ ಚುಕ್ಕೆ ಎಲ್ಲಿಂದ ಬಂತು ಎಂದು ಗೊತ್ತಿಲ್ಲದವರು ಕತ್ತರಿಸಲು ಹೇಳಬಹುದೇ ಹೊರತು, ಮುಂದಿನ ಸಲ ಅದು ಬರದಂತೆ ತಡೆಯಲಾರರು. ಅಮೆರಿಕದ ನಾರ್ತ್ರಾಪ್ ವಿಮಾನ ಕಂಪನಿಯಲ್ಲಿದ್ದ ರಸೆಲ್ ಮೆರೆಡಿತ್ 1940ರ ದಶಕದ ಆರಂಭದಲ್ಲಿ ಟಂಗ್‌ಸ್ಟನ್ ಮತ್ತು ಹೀಲಿಯಂ ಬಳಸಿ ಈ ವಿಧಾನವನ್ನು ಬೆಳೆಸಿದ್ದು, ಹಗುರವಾದ ಮೆಗ್ನೀಸಿಯಂ ಅನ್ನು ಬೆಸೆಯಬೇಕೆಂಬ ಕಷ್ಟ ಎದುರಿಗಿದ್ದುದರಿಂದ. ನಮ್ಮ ಎದುರಿಗಿರುವುದು ಹತ್ತು ಅಂಕದ ಪ್ರಶ್ನೆ ಮಾತ್ರ.

ನಾನು ಕೇಳುವುದು ದೊಡ್ಡದೇನಲ್ಲ. ಒಂದು ಗ್ರೈಂಡರ್, ಒಂದು ಪಾಕೀಟು ಥೋರಿಯಂ ಇಲ್ಲದ ಕಡ್ಡಿ, ಮಾಸ್ಕ್, ಕನ್ನಡಕ, ಸೆಮಿಸ್ಟರ್‌ಗೆ ಒಂದು ಮಧ್ಯಾಹ್ನ. ಕಲಿಸಲು ಊರಿನ ಒಬ್ಬ ಅನುಭವಿ ವೆಲ್ಡರ್‌ನನ್ನು ಕರೆಸಿ, ಗೌರವದಿಂದ ಸಂಭಾವನೆ ಕೊಟ್ಟರೆ ಇನ್ನೂ ಚೆಂದ. ಅವರು ಕೈಚಳಕ ಕೊಡಲಿ, ನಾವು ಕೆಂಪು ಬಣ್ಣದ ಅರ್ಥ ಹೇಳೋಣ. ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಇದೇ ಮಾತು: ಸರ್ಟಿಫಿಕೇಟ್ ಕೋರ್ಸಿಗೆ ಸಾವಿರಾರು ಸುರಿಯುವ ಮುಂಚೆ ನಿಮ್ಮ ಊರಿನ ಅಂಗಡಿಯೊಂದರಲ್ಲಿ ಹದಿನೈದು ದಿನ ನಿಂತು ನೋಡಿ.

ಕೆಟ್ಟ ಪೈಪಿನ ದುಡ್ಡು ಕೊಡುತ್ತೇನೆಂದರೆ ಮಾವ ಒಪ್ಪಲಿಲ್ಲ. 'ಅದು ನಿನ್ನ ಫೀಜು ಅಂತ ತಿಳ್ಕೋ, ನಾನs ಕಟ್ಟೀನಿ' ಎಂದರು. ಮುಂದಿನ ಪರೀಕ್ಷೆಯಲ್ಲಿ ಆ ಹಳೇ ಪ್ರಶ್ನೆ ಮತ್ತೆ ಬಂದರೆ ಎಲೆಕ್ಟ್ರೋಡ್‌ನ ತುದಿಯನ್ನು ಸ್ವಲ್ಪ ಚಪ್ಪಟೆಯಾಗಿಯೇ ಬಿಡಿಸುತ್ತೇನೆ. ಚಿತ್ರ ಅಂದವಾಗಿಲ್ಲ ಎಂದು ಒಂದು ಅಂಕ ಹೋದರೂ ಚಿಂತೆಯಿಲ್ಲ.